ಮನೆ ಕಟ್ಟುವ ವಿದ್ಯೆ ಯಾರ ಸೊತ್ತು?

ಹಾನಗಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊರುವ ಹಮಾಲರೊಬ್ಬರ ಮಗಳು ಈಚೆಗೆ ನಮ್ಮ ಕಚೇರಿಗೆ ಬಂದಿದ್ದಳು. ಬಿ.ಎ. ಮುಗಿಸಿದ್ದಾಳೆ. 2019ರ ಆಗಸ್ಟ್ ಮಳೆಯಲ್ಲಿ ಅವರ ಮನೆಯ ಹಿಂಗೋಡೆ ಬಿದ್ದಾಗ ಆಕೆ ಇನ್ನೂ ಹೈಸ್ಕೂಲಿನಲ್ಲಿದ್ದಳು. ಅರ್ಜಿ, ಫೋಟೋ, ಉತಾರ ಹಿಡಿದುಕೊಂಡು ಅಪ್ಪನ ಜೊತೆ ಕಚೇರಿಯಿಂದ ಕಚೇರಿಗೆ ಅಲೆದು ಆಕೆಯಲ್ಲಿ ಒಂದು ಪ್ರಶ್ನೆ ಹುಟ್ಟಿದೆ. "ಅಣ್ಣಾರ, ದನಕ್ಕ ಔಷಧ ಕೊಡೋದನ್ನ ಕಲಿಸಾಕ ಕಾಲೇಜು ಐತಿ. ಹತ್ತಿ ಬೀಜದ ಬಗ್ಗೆ ಕಲಿಸಾಕ ಕಾಲೇಜು ಐತಿ. ಬಡವರ ಮನಿ ಬಗ್ಗೆ ಕಲಿಸಾಕ ಎಲ್ಲೆರ ಕಾಲೇಜು ಐತೇನ್ರಿ?"

ಪಕ್ಕದಲ್ಲಿ ಕುಳಿತಿದ್ದ ಗೆಳೆಯರೊಬ್ಬರು ನಕ್ಕುಬಿಟ್ಟರು. "ಮನಿ ಕಟ್ಟಾಕ ಗೌಂಡಿ ಇದ್ದರ ಸಾಕವಾ, ಡಿಗ್ರಿ ಯಾಕ ಬೇಕು?"

ನಾವು ನಗಲಿಲ್ಲ. ಆ ಗೆಳೆಯರು ನಮ್ಮವರೇ. ಅವರ ನಗೆಯೂ ದುರುದ್ದೇಶದ್ದಲ್ಲ. ಆದರೆ ಅದೇ ನಗೆಯನ್ನು ಮಂತ್ರಿಗಳು ನಗುತ್ತಾರೆ, ಅಧಿಕಾರಿಗಳು ನಗುತ್ತಾರೆ, ಕಂತ್ರಾಟುದಾರರಂತೂ ಹೊಟ್ಟೆ ತುಂಬ ನಗುತ್ತಾರೆ. ಬಡವರ ಮನೆಯ ಬಗೆಗೆ ಯಾರೂ ಓದದಿದ್ದರೆ, ಯಾರೂ ಲೆಕ್ಕ ಕೇಳದಿದ್ದರೆ ಲಾಭ ಯಾರಿಗೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಈ ವಾರ ಆ ಹುಡುಗಿಯ ಪ್ರಶ್ನೆಯನ್ನೇ ನಮ್ಮ ಓದುಗರ ಮುಂದೆ ಇಡುತ್ತೇವೆ. ವಸತಿ ಮತ್ತು ಸಮುದಾಯ ಎಂಬ ವಿಷಯದಲ್ಲಿ ಒಂದು ವಿಶ್ವವಿದ್ಯಾಲಯದ ಪದವಿ ನಮ್ಮ ಜಿಲ್ಲೆಗೆ ಬೇಕು. ಯಾಕೆ ಬೇಕು, ಯಾರಿಗೆ ಬೇಕು, ಎಂಥದು ಬೇಕು ಎಂಬುದನ್ನು ಬಿಡಿಸಿ ಹೇಳುತ್ತೇವೆ.

ಗೋಡೆ ಬಿದ್ದ ಮೇಲೆ

2019ರ ಆ ಆಗಸ್ಟನ್ನು ಹಾನಗಲ್ಲಿನವರು, ಸವಣೂರಿನವರು ಮರೆತಿಲ್ಲ. ವರದೆ ಉಕ್ಕಿದಳು, ಧರ್ಮಾ ಹೊಳೆ ದಂಡೆ ಬಿಟ್ಟು ಹರಿಯಿತು, ಹಿರೇಕೆರೂರಿನ ಕಡೆ ಕುಮುದ್ವತಿ ತುಂಬಿ ಬಂದಳು. ಮಣ್ಣಿನ ಗೋಡೆ, ಹೆಂಚಿನ ಮಾಡು, ಮೇಲ್ಮುದ್ದೆಯ ಮನೆಗಳು ನೀರು ಕುಡಿದು ಕುಸಿದವು. ಸರಕಾರ ಪರಿಹಾರ ಕೊಟ್ಟಿತು. ಅದನ್ನು ನಾವು ಅಲ್ಲಗಳೆಯುವದಿಲ್ಲ. ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಹಾನಿಯಾದ ಮನೆ 'ಎ' ವರ್ಗ, ಇಪ್ಪತ್ತೈದರಿಂದ ಎಪ್ಪತ್ತೈದರವರೆಗಿನದು 'ಬಿ' ವರ್ಗ, ಅದಕ್ಕೂ ಕಡಿಮೆಯದು 'ಸಿ' ವರ್ಗ. ಪೂರಾ ಬಿದ್ದ ಮನೆಗೆ 5 ಲಕ್ಷ ರೂಪಾಯಿ. 'ಸಿ' ವರ್ಗಕ್ಕೆ 50 ಸಾವಿರ.

ಈಗ ನಮ್ಮ ಗೆಳೆಯರನ್ನು ಕೇಳುತ್ತೇವೆ: ಮನೆಗೆ ಎಷ್ಟು ಹಾನಿಯಾಗಿದೆ ಎಂದು ಹೇಳುವದು ಗೌಂಡಿಯೋ? ಅಲ್ಲ. ಒಂದು ಮಧ್ಯಾಹ್ನದಲ್ಲಿ ಒಂದು ಕೇರಿ ಮುಗಿಸಿ ಮುಂದಿನ ಊರಿಗೆ ಓಡಬೇಕಾದ ನೌಕರ. ಅವನೂ ದುಡಿಯುವವನೇ, ಅವನ ಮೇಲೆ ನಮ್ಮ ಸಿಟ್ಟಿಲ್ಲ. ಆದರೆ ಮಣ್ಣಿನ ಗೋಡೆಯ ಗುಣ ಅವನಿಗೆ ಯಾರು ಕಲಿಸಿದ್ದಾರೆ? ಮಣ್ಣಿನ ಗೋಡೆ ನೆನೆದ ದಿನವೇ ಬೀಳಬೇಕೆಂದಿಲ್ಲ. ಬುಡ ಮೆತ್ತಗಾಗಿ ನಿಂತಿರುತ್ತದೆ. ಬಿಸಿಲು ಬಿದ್ದು ಒಣಗುತ್ತ ಬಂದಂತೆ ಬಿರುಕು ಬಿಟ್ಟು ವಾಲುತ್ತದೆ. ಪಂಚನಾಮೆಯ ದಿನ ನಿಂತಿದ್ದ ಗೋಡೆ ತಿಂಗಳಾದ ಮೇಲೆ ಮಲಗುತ್ತದೆ. ಆಗ ಪಟ್ಟಿ ಮುಗಿದಿರುತ್ತದೆ, ವರ್ಗ ಗೊತ್ತಾಗಿರುತ್ತದೆ. ಐದು ಲಕ್ಷಕ್ಕೂ ಐವತ್ತು ಸಾವಿರಕ್ಕೂ ನಡುವೆ ಇರುವದು ಒಂದು ಅಕ್ಷರ. ಆ ಅಕ್ಷರ ಬರೆಯುವ ಕೈಗೆ ವಿದ್ಯೆ ಬೇಡವೇ?

ಇದು ಬರೀ ಹಣದ ಮಾತಲ್ಲ. 2024ರ ಜುಲೈ ತಿಂಗಳ ಮಳೆಯಲ್ಲಿ ಸವಣೂರು ತಾಲೂಕಿನ ಒಂದು ಹಳ್ಳಿಯಲ್ಲಿ ಮನೆ ಕುಸಿದು ಮೂವರು ಸತ್ತರು; ಅವರಲ್ಲಿ ಇಬ್ಬರು ಎಳೆಗೂಸುಗಳು. ಯಾವ ಗೋಡೆ ಈ ಮಳೆಗಾಲ ತಡೆಯುವದಿಲ್ಲವೆಂದು ಮೇ ತಿಂಗಳಲ್ಲೇ ಊರೂರು ತಿರುಗಿ ನೋಡಿ, ಮನೆಯವರನ್ನು ಕೂರಿಸಿಕೊಂಡು ಹೇಳಿ, ಮಳೆ ಮುಗಿಯುವವರೆಗೆ ಅವರಿಗೊಂದು ಆಸರೆ ತೋರಿಸುವ ಒಬ್ಬ ನೌಕರನನ್ನು ಯಾವ ಪಂಚಾಯತಿಯಲ್ಲಾದರೂ ನೀವು ಕಂಡಿದ್ದೀರಾ? ದನಕ್ಕೆ ರೋಗ ಬಂದರೆ ಡಾಕ್ಟರಿದ್ದಾನೆ, ಬೆಳೆಗೆ ಹುಳ ಬಿದ್ದರೆ ಕೃಷಿ ಅಧಿಕಾರಿ ಇದ್ದಾನೆ. ಮನೆಗೆ ರೋಗ ಬಂದರೆ ಮಾತ್ರ ಅದು ಬಿದ್ದ ಮೇಲೆ ಫೋಟೋ ತೆಗೆಯುವವನಿದ್ದಾನೆ.

ಕಂತಿನ ಲೆಕ್ಕ

ಪರಿಹಾರದ ಹಣವಾಗಲಿ, ಆಶ್ರಯ, ಬಸವ ವಸತಿ, ಪ್ರಧಾನಮಂತ್ರಿ ಆವಾಸ್ ಯೋಜನೆಗಳ ಹಣವಾಗಲಿ ಒಮ್ಮೆಲೇ ಬರುವದಿಲ್ಲ. ಬುನಾದಿ ಹಾಕಿ ಫೋಟೋ ಏರಿಸಬೇಕು, ಒಂದು ಕಂತು. ಗೋಡೆ ಎಬ್ಬಿಸಿ ಫೋಟೋ ಏರಿಸಬೇಕು, ಮತ್ತೊಂದು ಕಂತು. ಸ್ಲ್ಯಾಬು ಹಾಕಬೇಕು, ಇನ್ನೊಂದು. ಹೆಚ್ಚಿನ ಕಂತುಗಳಿಗೆ ಕೆಲಸ ಮೊದಲು, ರೊಕ್ಕ ಆಮೇಲೆ. ದಿನಗೂಲಿಯವನು ಮೊದಲು ಕೆಲಸ ಮಾಡಿಸಲು ರೊಕ್ಕ ಎಲ್ಲಿಂದ ತರಬೇಕು? ಹೆಂಡತಿಯ ಸಂಘದಿಂದ, ಕೊರಳಿನ ತಾಳಿಯಿಂದ, ವಾರದ ಬಡ್ಡಿಯ ಕಂಪನಿಯಿಂದ. ಮೈಕ್ರೋಫೈನಾನ್ಸಿನ ವಸೂಲಿಗಾರರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟದ್ದನ್ನು ಇಡೀ ನಾಡು ಕಂಡಿತು. 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮನೆಯಿಲ್ಲದವನಿಗೆ ಮನೆ ಕೊಡಲು ಹೊರಟ ಯೋಜನೆ ಅವನನ್ನು ಸಾಲಕ್ಕೆ ದೂಡಿ, ಆ ಸಾಲ ಅವನನ್ನು ಮನೆ ಬಿಡಿಸುವ ಹಾಗಿದ್ದರೆ ತಪ್ಪು ಗೌಂಡಿಯದಲ್ಲ, ಸಿಮೆಂಟಿನದೂ ಅಲ್ಲ. ಬಡವನ ಕೈಯಲ್ಲಿ ಹಣ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ತಿಳಿಯದವರು ಮಾಡಿದ ಲೆಕ್ಕದ ತಪ್ಪು ಅದು.

ಮೊತ್ತವನ್ನಾದರೂ ನೋಡಿರಿ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ 2016ರಲ್ಲಿ ಗೊತ್ತುಮಾಡಿದ ಸಹಾಯ 1 ಲಕ್ಷ 20 ಸಾವಿರ ರೂಪಾಯಿ. 2024ರಲ್ಲಿ ಯೋಜನೆಯನ್ನು ಮತ್ತೆ ಐದು ವರ್ಷ ಮುಂದುವರಿಸಿದಾಗಲೂ ಅದೇ 1 ಲಕ್ಷ 20 ಸಾವಿರ! ಆ ಎಂಟು ವರ್ಷಗಳಲ್ಲಿ ಸಿಮೆಂಟು, ಕಬ್ಬಿಣ, ಉಸುಕಿನ ದರ ಎಲ್ಲಿದ್ದದ್ದು ಎಲ್ಲಿಗೆ ಏರಿತೆಂದು ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಮನೆ ಕನಿಷ್ಠ 25 ಚದರ ಮೀಟರಾದರೂ ಇರಬೇಕೆಂದು ನಿಯಮ. ಅಂದರೆ ಸುಮಾರು 270 ಚದರ ಅಡಿ. ಅದರಲ್ಲಿ ಒಕ್ಕಲುತನದವನ ದನ ಎಲ್ಲಿ ಕಟ್ಟಬೇಕು, ಕಾಳಿನ ಚೀಲ ಎಲ್ಲಿ ಇಡಬೇಕು, ನೇಕಾರನ ಮಗ್ಗ ಎಲ್ಲಿ ಹೂಡಬೇಕು, ಬಾಣಂತಿ ಎಲ್ಲಿ ಮಲಗಬೇಕು ಎಂದು ನಕಾಶೆ ಬರೆದವರು ಯಾರನ್ನಾದರೂ ಕೇಳಿದರೇ? ಕೇಳಬೇಕೆಂದು ಅವರಿಗೆ ಯಾವ ಕಾಲೇಜಿನಲ್ಲಿ ಹೇಳಿಕೊಟ್ಟರು?

ಒಂದು ಶಬ್ದಕ್ಕೆ ಹೋದ ಗಿರಣಿ ನೆಲ

ಗಿರಣಿ ಕಾರ್ಮಿಕರಿಗೆ ನಾವು ಮುಂಬಯಿಯ ಕಥೆಯನ್ನು ನೆನಪಿಸಬೇಕು. ನಮ್ಮ ಸೀಮೆಯ ಜನವೂ ಅಲ್ಲಿಯ ಚಾಳಗಳಲ್ಲಿ ಒಂದೊಂದು ಖೋಲಿಯಲ್ಲಿ ಹತ್ತು ಹತ್ತು ಮಂದಿ ಮಲಗಿ ದುಡಿದವರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮುಷ್ಕರ ಸೋತಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಚಿನ್ನದ ಬೆಲೆಯ ನೆಲ ಉಳಿಯಿತು. 1991ರ ನಿಯಮವೊಂದು ಹೇಳಿತ್ತು: ಗಿರಣಿಯ ನೆಲವನ್ನು ಬೇರೆ ಉಪಯೋಗಕ್ಕೆ ತೆಗೆದುಕೊಂಡರೆ ಸುಮಾರಾಗಿ ಮೂರರಲ್ಲೊಂದು ಪಾಲು ನಗರದ ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲಿಕನಿಗೆ. 2001ರಲ್ಲಿ ತಿದ್ದುಪಡಿ ಬಂದಿತು. ಹಂಚಬೇಕಾದದ್ದು ಇಡೀ ನೆಲವಲ್ಲ, ಕಟ್ಟಡವಿಲ್ಲದ ಖಾಲಿ ನೆಲ ಮಾತ್ರ ಎಂದಾಯಿತು. ಗಿರಣಿಯೆಂದರೆ ತುಂಬ ಶೆಡ್ಡುಗಳೇ ತಾನೆ? ಖಾಲಿ ನೆಲ ಎಷ್ಟಿರುತ್ತದೆ? ಒಂದು ಶಬ್ದ ಬದಲಾಯಿತು, ಕಾರ್ಮಿಕರ ಮನೆಯ ನೆಲ ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಂದು ಅಲ್ಲಿ ಮಾಲುಗಳಿವೆ, ಗಗನಚುಂಬಿ ಮನೆಗಳಿವೆ.

ಮಾಲಿಕರ ಕಡೆ ಆ ಶಬ್ದದ ಬೆಲೆ ತಿಳಿದ ಓದಿದವರಿದ್ದರು. ನಮ್ಮ ಕಡೆ ಧೈರ್ಯವಿತ್ತು, ತ್ಯಾಗವಿತ್ತು, ಘೋಷಣೆಯಿತ್ತು. ಗೆಜೆಟ್ಟಿನ ಆ ಸಾಲನ್ನು ಬಂದ ದಿನವೇ ಓದಿ, ಅದರಿಂದ ಎಷ್ಟು ಎಕರೆ ಹೋಗುತ್ತದೆಂದು ಲೆಕ್ಕ ಹಾಕಿ, ಚಾಳದ ಅಂಗಳದಲ್ಲಿ ನಿಂತು ಮರಾಠಿಯಲ್ಲಿ, ಕನ್ನಡದಲ್ಲಿ ಹೇಳಬಲ್ಲ ಕಾರ್ಮಿಕರ ಮಕ್ಕಳು ಸಾಕಷ್ಟು ಇರಲಿಲ್ಲ. ನಮ್ಮ ನೆರೆಯ ದಾವಣಗೆರೆಯ ಹತ್ತಿ ಗಿರಣಿಗಳೂ ಹೀಗೆಯೇ ಬಾಗಿಲು ಹಾಕಿದವು. ಗಿರಣಿ ಮುಚ್ಚಿದಾಗ ಕೂಲಿ ಒಂದೇ ಹೋಗುವದಿಲ್ಲ, ಗಿರಣಿಯ ಸುತ್ತ ಬೆಳೆದ ಓಣಿಯೂ ಹೋಗುತ್ತದೆ, ಓಣಿಯನ್ನು ನಂಬಿದ ಕಿರಾಣಿ ಅಂಗಡಿಯೂ ಹೋಗುತ್ತದೆ.

ಸವಣೂರಿನ ಪುರಸಭೆಯ ಎದುರಿಗೆ

ಇನ್ನು ನಮ್ಮ ಮನೆಯ ಅಂಗಳಕ್ಕೇ ಬರೋಣ. 2010ರ ಜುಲೈ ತಿಂಗಳಲ್ಲಿ ಸವಣೂರಿನಲ್ಲಿ ನಡೆದದ್ದನ್ನು ಬರೆಯುವಾಗ ಇಂದಿಗೂ ಕೈ ನಡುಗುತ್ತದೆ. ಊರಿನ ಮಲವನ್ನು ತಲೆಯ ಮೇಲೆ ಹೊತ್ತ ಭಂಗಿ ಸಮುದಾಯದ ಕುಟುಂಬಗಳು ತಲೆಮಾರುಗಳಿಂದ ವಾಸವಾಗಿದ್ದ ಜಾಗೆಯಲ್ಲಿ ವಾಣಿಜ್ಯ ಮಳಿಗೆ ಕಟ್ಟುವ ವಿಚಾರ ಎದ್ದಿತು. ಅವರನ್ನು ಎಬ್ಬಿಸುವ ಯತ್ನ ನಡೆಯಿತು. ಮನವಿ ಕೊಟ್ಟರು, ಕೇಳುವವರಿಲ್ಲ. ಕೊನೆಗೆ ಅವರು ಪುರಸಭೆಯ ಕಚೇರಿಯ ಎದುರು ನಿಂತು ತಮ್ಮ ಮೈಗೆ ತಾವೇ ಮಲ ಸುರಿದುಕೊಂಡರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ ಕಾನೂನು ಬಂದದ್ದು 1993ರಲ್ಲಿ. ಹದಿನೇಳು ವರ್ಷ ಕಳೆದ ಮೇಲೂ ಮನುಷ್ಯ ತನ್ನ ಮನೆ ಉಳಿಸಿಕೊಳ್ಳಲು ತನ್ನ ಮೈಯನ್ನೇ ಅರ್ಜಿಯ ಕಾಗದ ಮಾಡಿಕೊಳ್ಳಬೇಕಾಯಿತು. ಇಡೀ ನಾಡು ತಲೆ ತಗ್ಗಿಸಿತು.

ಇಲ್ಲಿ ಪ್ರಶ್ನೆ ಸಿಮೆಂಟಿನದೇ? ಇಟ್ಟಿಗೆಯದೇ? ಊರು ತನ್ನ ಹೊಲಸನ್ನು ಹೊರುವವರನ್ನು ಎಲ್ಲಿ ಇರಿಸುತ್ತದೆ, ಆ ಜಾಗೆಗೆ ಬೆಲೆ ಬಂದ ದಿನ ಅವರನ್ನು ಎಲ್ಲಿಗೆ ಅಟ್ಟುತ್ತದೆ, ಅವರ ಹೆಸರಿಗೆ ಉತಾರ ಯಾಕೆ ಆಗಿರಲಿಲ್ಲ ಎಂಬುದು ಪ್ರಶ್ನೆ. ಆದ್ದರಿಂದಲೇ ನಾವು ಬರೀ ವಸತಿ ಎನ್ನುವದಿಲ್ಲ, 'ವಸತಿ ಮತ್ತು ಸಮುದಾಯ' ಎನ್ನುತ್ತೇವೆ. ಈ ನಾಡಿನಲ್ಲಿ ಮನೆ ಎಲ್ಲಿದೆ ಎಂದರೆ ಜಾತಿ ಯಾವುದು ಎಂದು ತಿಳಿಯುತ್ತದೆ. ಕೇರಿಯ ಮನೆಗೆ ಇಂಜಿನಿಯರ ನಕಾಶೆ ಬರೆದುಕೊಟ್ಟರೆ ಕೇರಿ ಊರಾಗುವದಿಲ್ಲ.

ತಾಂಡಾಗಳ ಮಾತು ಇನ್ನೊಂದು ಬಗೆಯದು. ಈ ಸೀಮೆಯ ಲಂಬಾಣಿ ತಾಂಡಾಗಳಲ್ಲಿ ಎಷ್ಟೋ ಮನೆಗಳು ಬಹುಕಾಲ ಸರಕಾರದ ಕಾಗದದಲ್ಲಿ ಇರಲೇ ಇಲ್ಲ. ಮನೆ ಇದೆ, ಮಕ್ಕಳು ಹುಟ್ಟಿದ್ದಾರೆ, ಅಜ್ಜ ಸತ್ತಿದ್ದಾನೆ. ದಾಖಲೆಯಲ್ಲಿ ಮಾತ್ರ ಅದು ಬರೀ ನೆಲ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಆ ಕಿಚ್ಚನ್ನು ವಿಧಾನಸಭೆಗೆ ಒಯ್ದರು. ಉಳುವವನೇ ಹೊಲದೊಡೆಯ ಎಂಬುದು 1974ರಲ್ಲಿ ಕಾನೂನಾಯಿತು. ಆದರೆ 'ವಾಸಿಸುವವನೇ ನೆಲದೊಡೆಯ' ಎಂಬ ಮಾತು ಭೂಸುಧಾರಣಾ ಕಾನೂನಿನಲ್ಲಿ 38-ಎ ಕಲಮಾಗಿ ಬರಲು 2016ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಹೊಲಕ್ಕೂ ಮನೆಯಡಿಯ ನೆಲಕ್ಕೂ ನಡುವೆ ನಾಲ್ವತ್ತೆರಡು ವರ್ಷ! ಆ ಕಲಮಿನಡಿ ಯಾರಿಗೆ ಹಕ್ಕು, ಅರ್ಜಿ ಎಲ್ಲಿ, ಸಾಕ್ಷಿ ಏನು, ಕಂದಾಯ ಗ್ರಾಮವಾದ ತಾಂಡಾದಲ್ಲಿ ಮುಂದೇನು ಎಂದು ಇಂದು ತಾಂಡಾದವರಿಗೆ ಹೇಳಬಲ್ಲವರು ಎಷ್ಟು ಜನ? ಹೆಚ್ಚಿನ ಕಡೆ ಹೇಳುವವನು ಏಜಂಟ. ಅವನು ಪುಕ್ಕಟೆ ಹೇಳುವದಿಲ್ಲ. ಸುಗ್ಗಿ ಮುಗಿದೊಡನೆ ಗೋವೆಗೋ ಮಂಗಳೂರಿಗೋ ದುಡಿಯಲು ಹೋಗುವ ಕುಟುಂಬ ಸರಕಾರದ ಫೋಟೋದ ದಿನ ಊರಲ್ಲಿರದಿದ್ದರೆ ಕಂತು ನಿಲ್ಲುತ್ತದೆ. ದುಡಿಯಲು ಹೋದದ್ದೇ ಅವರ ತಪ್ಪಾಯಿತು!

ಹೊರನಾಡುಗಳು ಏನು ಮಾಡಿವೆ

ಮನೆಯ ಬಗೆಗೆ ಪದವಿಯೇ ಎಂದು ನಗುವವರು ಸ್ವಲ್ಪ ಹೊರಗೆ ಕಣ್ಣು ಹಾಯಿಸಲಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ವಸತಿಯ ಆಡಳಿತವೂ ಸಮುದಾಯದ ಅಭ್ಯಾಸವೂ ಪದವಿಯ ವಿಷಯವಾಗಿವೆ. ಅಲ್ಲಿ ಅದರ ಬೆಲೆ ತಿಳಿದದ್ದು ಬೆಂಕಿಯಿಂದ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ಬಡವರ ಮನೆಗಳ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ಗೋಡೆಯ ಹೊರಮೈಗೆ ಹಚ್ಚಿದ್ದ ಹಲಗೆಗಳೇ ಉರಿದವು. ಬಾಡಿಗೆದಾರರು ಮೊದಲೇ ಎಚ್ಚರಿಕೆ ಬರೆದಿದ್ದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. 2023ರಲ್ಲಿ ಅಲ್ಲಿಯ ಪಾರ್ಲಿಮೆಂಟು ಕಾನೂನು ಮಾಡಿತು: ಸಾರ್ವಜನಿಕ ಮನೆಗಳನ್ನು ನೋಡಿಕೊಳ್ಳುವ ಹಿರಿಯ ವ್ಯವಸ್ಥಾಪಕರು ಆ ವಿಷಯದಲ್ಲಿ ಅರ್ಹತೆ ಪಡೆದವರಾಗಿರಬೇಕು, ಇಲ್ಲವೇ ಪಡೆಯುತ್ತಿರಬೇಕು. ಎಪ್ಪತ್ತೆರಡು ಹೆಣಗಳ ಮೇಲೆ ಬಂದ ಬುದ್ಧಿ ಅದು. ನಮಗೆ ಬುದ್ಧಿ ಬರಲು ಎಷ್ಟು ಗೋಡೆ ಬೀಳಬೇಕು?

ವಿಯೆನ್ನಾ ನಗರದ ಮಾತು ಸಮಾಜವಾದಿಗಳಿಗೆ ಪ್ರಿಯವಾದದ್ದು. 1919ರಿಂದ 1934ರವರೆಗೆ ಆ ನಗರದ ಆಡಳಿತ ಸಮಾಜವಾದಿಗಳ ಕೈಯಲ್ಲಿತ್ತು. ದೊಡ್ಡ ಬಂಗಲೆಯವರಿಂದ ಹೆಚ್ಚು, ಸಣ್ಣ ಮನೆಯವರಿಂದ ಕಡಿಮೆ ಎಂಬ ಲೆಕ್ಕದಲ್ಲಿ ವಸತಿ ತೆರಿಗೆ ಎತ್ತಿದರು. ಆ ಹಣದಿಂದ 60 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿದರು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಒಂದರಲ್ಲೇ 1,382 ಮನೆಗಳು. ಜೊತೆಗೆ ಬಟ್ಟೆ ಒಗೆಯುವ ಮನೆ, ಸ್ನಾನಗೃಹ, ಶಿಶುವಿಹಾರ, ವಾಚನಾಲಯ. 1934ರಲ್ಲಿ ಸರ್ವಾಧಿಕಾರಿಗಳು ಅದರ ಮೇಲೆ ತೋಪು ಹಾರಿಸಿದರು. ಮನೆಗಳು ಇಂದಿಗೂ ನಿಂತಿವೆ, ಜನ ವಾಸವಾಗಿದ್ದಾರೆ.

ದೂರ ಯಾಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಎ. ಕೆ. ಎನ್. ರೆಡ್ಡಿ ಅದನ್ನು ಕಟ್ಟಿದರು, ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಊರಿನ ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವದನ್ನು ರೂಢಿಗೆ ತಂದರು. ಕೇರಳದಲ್ಲಿ ಲಾರಿ ಬೇಕರ್ ಇಟ್ಟಿಗೆಗಳ ನಡುವೆ ಪೊಳ್ಳು ಬಿಟ್ಟು ಕಟ್ಟುವ ರೀತಿಯಿಂದ ನಾಲ್ಕರಲ್ಲೊಂದು ಪಾಲು ಇಟ್ಟಿಗೆ ಉಳಿಸಿ ತೋರಿಸಿದರು. ಈ ವಿದ್ಯೆ ನಮ್ಮ ನಾಡಿನಲ್ಲೇ ಅರ್ಧ ಶತಮಾನದಿಂದ ಇದೆ. ಹಿರೇಕೆರೂರಿನ ಗೌಂಡಿಗೆ ಅದನ್ನು ಮುಟ್ಟಿಸುವವರು, ನೆರೆ ಸೀಮೆಯಲ್ಲಿ ಅದು ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ ಹೇಳುವವರು ಇಲ್ಲ.

ನಮ್ಮ ವಿಶ್ವವಿದ್ಯಾಲಯಗಳು

ನಮ್ಮ ಸುತ್ತ ವಿಶ್ವವಿದ್ಯಾಲಯಗಳಿಗೆ ಬರವಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ. ಗದಗಿನಲ್ಲಿ 2016ರ ಕಾನೂನಿನಿಂದ ಹುಟ್ಟಿದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಸಮುದಾಯ ಅಭಿವೃದ್ಧಿ ಅಲ್ಲಿಯ ಅಭ್ಯಾಸದ ವಿಷಯ. ನಮ್ಮ ಪ್ರಶ್ನೆಗೆ ಹತ್ತಿರ ಬಂದದ್ದು ಅದೇ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಹಾವೇರಿಗೆ 2023ರಲ್ಲಿ ತನ್ನದೇ ವಿಶ್ವವಿದ್ಯಾಲಯ ಬಂದಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಮಂತ್ರಿಮಂಡಲದ ಉಪಸಮಿತಿ ಮುಚ್ಚಬಹುದಾದ ಒಂಬತ್ತರ ಪಟ್ಟಿಯಲ್ಲಿ ಹಾವೇರಿಯ ಹೆಸರನ್ನೂ ಬರೆಯಿತು. ಹಣವಿಲ್ಲ, ವಿದ್ಯಾರ್ಥಿಗಳು ಕಡಿಮೆ, ಆರ್ಥಿಕವಾಗಿ ನಿಲ್ಲುವದಿಲ್ಲ ಎಂಬುದು ಕಾರಣ.

ವಿಶ್ವವಿದ್ಯಾಲಯ ಸಂತೆಯ ಅಂಗಡಿಯೇ, ಸಂಜೆ ಗಲ್ಲೆ ಎಣಿಸಿ ಬಾಗಿಲು ಹಾಕಲು? ಆದರೆ ನಾವು ಇನ್ನೊಂದು ಮಾತನ್ನೂ ಹೇಳಲೇಬೇಕು. ಧಾರವಾಡದಲ್ಲಿ ಕಲಿಸುವದನ್ನೇ ಹಾವೇರಿಯಲ್ಲೂ ಕಲಿಸಿದರೆ ಹುಡುಗರು ಧಾರವಾಡಕ್ಕೇ ಹೋಗುತ್ತಾರೆ, ಅವರನ್ನು ದೂರುವಂತಿಲ್ಲ. ಜಿಲ್ಲೆಯ ವಿಶ್ವವಿದ್ಯಾಲಯ ಜಿಲ್ಲೆಯ ನೋವನ್ನು ಅಭ್ಯಾಸ ಮಾಡಬೇಕು. ವರದೆಯ ನೆರೆ, ತಾಂಡಾದ ಹಕ್ಕುಪತ್ರ, ಸವಣೂರಿನ ಪೌರಕಾರ್ಮಿಕರ ಓಣಿ, ಇವು ಬೇರೆ ಯಾವ ವಿಶ್ವವಿದ್ಯಾಲಯದ ಅಂಗಳದಲ್ಲಿವೆ? ದಿಲ್ಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯಲ್ಲಿ ವಸತಿಯ ವಿಷಯವಾಗಿಯೇ ಸ್ನಾತಕೋತ್ತರ ಪದವಿಯಿದೆ. ಹಮಾಲರ ಮಗಳು ದಿಲ್ಲಿಗೆ ಹೋಗಿ, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು, ಖೋಲಿಯ ಬಾಡಿಗೆ ಕೊಟ್ಟು ಓದಿ ಹಾನಗಲ್ಲಿಗೆ ಮರಳುವಳೇ?

ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳೆಯ ಹಳ್ಳಿಯ ಬಾಳನ್ನು ಸಿಮೆಂಟಿನ ಬೊಂಬೆಗಳಲ್ಲಿ ಕಲಾವಿದರು ಸೊಗಸಾಗಿ ಮೂಡಿಸಿದ್ದಾರೆ. ಪಟ್ಟಣದವರು ತಿಕೀಟು ಕೊಂಡು ನೋಡಿ ಬೆರಗಾಗುತ್ತಾರೆ. ಕಲಾವಿದರಿಗೆ ನಮ್ಮ ನಮಸ್ಕಾರ. ಆದರೆ ಅದೇ ತಾಲೂಕಿನಲ್ಲಿ ಆ ಪಡಸಾಲೆ, ಆ ನಡುಮನೆ, ಆ ಮಣ್ಣಿನ ಗೋಡೆ ನಿಜವಾಗಿ ಬೀಳುತ್ತಿರುವಾಗ ಅದನ್ನು ಎತ್ತಿ ನಿಲ್ಲಿಸುವ ವಿದ್ಯೆಯನ್ನು ಅಭ್ಯಾಸ ಮಾಡುವದು ಜಾನಪದವಲ್ಲವೇ? ಹಾಡಿದ್ದು ಜಾನಪದವಾದರೆ ಹಾಡಿದವಳ ಮನೆಯೂ ಜಾನಪದವೇ.

ಗೆಳೆಯರ ಆಕ್ಷೇಪಣೆ

ನಮ್ಮ ಸಂಗಾತಿಗಳಲ್ಲೇ ಎರಡು ಆಕ್ಷೇಪಣೆಗಳಿವೆ. ಮೊದಲನೆಯದು: 1872ರಲ್ಲೇ ಏಂಗೆಲ್ಸರು ವಸತಿ ಪ್ರಶ್ನೆಯನ್ನು ಕುರಿತು ಬರೆದು ಹೇಳಿಬಿಟ್ಟಿದ್ದಾರೆ, ಬಂಡವಾಳಷಾಹಿ ಇರುವವರೆಗೆ ಮನೆಯ ಬರ ನೀಗುವದಿಲ್ಲ, ಪದವಿ, ಸುಧಾರಣೆ ಎಲ್ಲ ತೇಪೆ. ಸಂಗಾತಿಗಳಿಗೆ ನಮ್ರವಾಗಿ ಹೇಳುತ್ತೇವೆ. ಏಂಗೆಲ್ಸರು ಅದನ್ನು ಬರೆದದ್ದು ಲೈಪ್ಜಿಗ್ ನಗರದ ಒಂದು ಪಕ್ಷದ ಪತ್ರಿಕೆಯಲ್ಲಿ, ಕಾರ್ಮಿಕರು ಓದಿ ವಾದಿಸಲೆಂದು. ಬಾಡಿಗೆ, ಬಡ್ಡಿ, ನೆಲದ ಬೆಲೆ ಇವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದವರು ಅವರು. ನೋಡಬೇಡಿರಿ ಎಂದವರಲ್ಲ. ರೋಗದ ಬೇರು ಕೀಳುವ ದಿನ ಬರುವವರೆಗೆ ಜ್ವರ ಬಂದ ಮಗುವನ್ನು ಮಳೆಯಲ್ಲಿ ಮಲಗಿಸುವದು ಕ್ರಾಂತಿಯಲ್ಲ.

ಎರಡನೆಯದು ಗಟ್ಟಿಯಾದ ಆಕ್ಷೇಪಣೆ. ಇನ್ನೊಂದು ಪದವಿ ಎಂದರೆ ಇನ್ನೊಂದು ಬಗೆಯ ಸಾಹೇಬರು. ಬಡವನ ಮನೆಯ ಬಗೆಗೆ ಓದಿ ಬಂದವನು ಬಡವನ ಮನೆಯೊಳಗೆ ಕಾಲಿಡಲು ಹೇಸುವಂತಾದರೆ ಏನು ಉಪಯೋಗ? ಈ ಭಯ ನಮಗೂ ಇದೆ. ಸಹಕಾರದ ಕಥೆ ನಮ್ಮ ಕಣ್ಣ ಮುಂದಿದೆ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಕೂಡಿ ಕಟ್ಟಿದ ಪತ್ತಿನ ಸಂಘ ಇಡೀ ದೇಶಕ್ಕೆ ದಾರಿ ತೋರಿಸಿತು. ಅದೇ ಸಹಕಾರದ ಹೆಸರಿನಲ್ಲಿ ಇಂದು ಪಟ್ಟಣಗಳಲ್ಲಿ ಎಷ್ಟೋ ಗೃಹ ನಿರ್ಮಾಣ ಸಂಘಗಳು ಪ್ಲಾಟುಗಳ ವ್ಯಾಪಾರಕ್ಕೆ ಇಳಿದಿವೆ. ಹೆಸರು ಒಳ್ಳೆಯದಾದರೆ ಸಾಲದು, ಕೀಲಿಕೈ ಯಾರ ಬಳಿ ಇದೆ ಎಂಬುದು ಮುಖ್ಯ. ಆದ್ದರಿಂದ ನಾವು ಕೇಳುವ ಪದವಿ ಕಟ್ಟಡದೊಳಗೆ ಕುಳಿತು ಮುಗಿಯುವಂಥದಲ್ಲ. ಒಂದು ಮಳೆಗಾಲವನ್ನಾದರೂ ವಿದ್ಯಾರ್ಥಿ ನೆರೆಯ ಊರಿನಲ್ಲಿ ಕಳೆಯಬೇಕು. ಗೌಂಡಿಗಳು, ಪೌರಕಾರ್ಮಿಕರು, ತಾಂಡಾದ ಹಿರಿಯರು ಅಲ್ಲಿ ಪಾಠ ಹೇಳಬೇಕು. ಪಾಠ ಹೇಳಿದ್ದಕ್ಕೆ ಅವರಿಗೆ ಸಂಬಳ ಸಿಗಬೇಕು.

ಸಣ್ಣ ವ್ಯಾಪಾರಿಗಳಿಗೆ ಒಂದು ಮಾತು

ಅಂಗಡಿಯವರು ಇದು ನಮ್ಮ ವಿಷಯವಲ್ಲವೆಂದು ಪುಟ ತಿರುವಬಾರದು. ನಿಮ್ಮಲ್ಲಿ ಎಷ್ಟೋ ಜನರಿಗೆ ಮುಂದೆ ಅಂಗಡಿ, ಹಿಂದೆ ಮನೆ. ರಸ್ತೆ ಅಗಲವಾದರೆ ಎರಡೂ ಒಂದೇ ದಿನ ಹೋಗುತ್ತವೆ. ತಳ್ಳುಗಾಡಿಯವರಿಗಾಗಿ 2014ರಲ್ಲಿ ಬೀದಿ ವ್ಯಾಪಾರಿಗಳ ಕಾನೂನು ಬಂದಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಾಲ್ವತ್ತಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು, ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದು ಎಂದು ಅದು ಹೇಳುತ್ತದೆ. ಸವಣೂರಿನ ಎಲೆ ಮಾರುವವರಲ್ಲಿ, ಶಿಗ್ಗಾಂವಿಯ ತರಕಾರಿ ಮಾರುವ ತಾಯಂದಿರಲ್ಲಿ ಈ ಮಾತು ಎಷ್ಟು ಜನರ ಕಿವಿಗೆ ಬಿದ್ದಿದೆ? ಮನೆ, ಅಂಗಡಿ, ಓಣಿ, ಸಂತೆ ಬೇರೆ ಬೇರೆಯಲ್ಲ; ಕೂಡಿಯೇ ಊರು. ಕೂಡಿಯೇ ಓದಬೇಕಾದ ವಿಷಯ ಇದು.

ನಮ್ಮ ಬೇಡಿಕೆಗಳು

1. ಹಾವೇರಿ ವಿಶ್ವವಿದ್ಯಾಲಯವನ್ನು ಮುಚ್ಚುವ ಮಾತನ್ನು ಸರಕಾರ ಶಾಶ್ವತವಾಗಿ ಕೈಬಿಡಬೇಕು. ಅಲ್ಲಿ ವಸತಿ ಮತ್ತು ಸಮುದಾಯ ವಿಷಯದ ಪದವಿಯನ್ನು ಕನ್ನಡದಲ್ಲಿಯೇ ಆರಂಭಿಸಬೇಕು. ಗದಗ ಮತ್ತು ಗೊಟಗೋಡಿಯ ವಿಶ್ವವಿದ್ಯಾಲಯಗಳು ಇದರಲ್ಲಿ ಕೈಗೂಡಿಸಬೇಕು.

2. ದುಡಿಯುವವರು ಓದುವಂತೆ ಸಂಜೆಯ ಮತ್ತು ಭಾನುವಾರದ ವರ್ಗಗಳಿರಬೇಕು. ಗೌಂಡಿ, ಪೌರಕಾರ್ಮಿಕ, ಗಿರಣಿ ಕಾರ್ಮಿಕರ ಮಕ್ಕಳಿಗೆ ಶುಲ್ಕ ಇರಬಾರದು.

3. ಪಠ್ಯದಲ್ಲಿ ನಾಲ್ಕು ಭಾಗಗಳಿರಲಿ: ನೆಲ ಮತ್ತು ದಾಖಲೆ; ಮಣ್ಣು, ನೀರು ಮತ್ತು ಕಟ್ಟಡ; ಸಾಲ, ಬಾಡಿಗೆ ಮತ್ತು ಕಂತಿನ ಲೆಕ್ಕ; ಜಾತಿ, ಕೇರಿ ಮತ್ತು ಗ್ರಾಮಸಭೆ.

4. ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯತಿಗಳಲ್ಲಿ ಒಂದೊಂದಕ್ಕೆ, ಮತ್ತು ಪ್ರತಿಯೊಂದು ಪುರಸಭೆಗೆ, ಒಬ್ಬ ವಸತಿ ಕಾರ್ಯಕರ್ತನ ಖಾಯಂ ಹುದ್ದೆ ಇರಬೇಕು. ಅವನು ಗ್ರಾಮಸಭೆಗೆ ಲೆಕ್ಕ ಒಪ್ಪಿಸಬೇಕು. ಹುದ್ದೆಯಿಲ್ಲದ ಪದವಿ ಬಡವರ ಮಕ್ಕಳಿಗೆ ಮಾಡುವ ಮೋಸ.

5. ಪ್ರತಿವರ್ಷ ಮಳೆಗೆ ಮುಂಚೆ ವರದಾ, ಧರ್ಮಾ, ಕುಮುದ್ವತಿ ದಂಡೆಯ ಊರುಗಳ ಮನೆಗಳನ್ನು ಪರೀಕ್ಷಿಸಿ ಪಟ್ಟಿಯನ್ನು ಪಂಚಾಯತಿಯ ಗೋಡೆಗೆ ಹಚ್ಚಬೇಕು.

ಖರ್ಚು ಯಾರು ಕೊಡಬೇಕು ಎಂದು ಕೇಳುತ್ತಾರೆ. 2019ರಲ್ಲಿ ಬಿದ್ದ ಮನೆಗೆ ಐದು ಲಕ್ಷ ಕೊಟ್ಟ ಸರಕಾರ ಮನೆ ಬೀಳದಂತೆ ನೋಡುವ ಒಬ್ಬ ಮನುಷ್ಯನಿಗೆ ಸಂಬಳ ಕೊಡಲಾರದೇ? ಆ ಲೆಕ್ಕದಲ್ಲಿ ಒಂದು ಪಂಚಾಯತಿಯಲ್ಲಿ ವರ್ಷಕ್ಕೆ ಒಂದೇ ಮನೆ ಉಳಿದರೂ ಅವನ ಸಂಬಳ ಬಹುಮಟ್ಟಿಗೆ ಹುಟ್ಟಿತು. ಉಳಿದ ಜೀವಗಳಿಗೆ ಬೆಲೆ ಕಟ್ಟುವ ಗೋಜಿಗೆ ನಾವು ಹೋಗುವದಿಲ್ಲ.

ಆ ಹುಡುಗಿಗೆ ಅಂದು ನಾವು ಕೊಟ್ಟ ಉತ್ತರ ಇಷ್ಟೇ: "ಹತ್ತಿರದಾಗ ಇನ್ನೂ ಇಲ್ಲವಾ ತಂಗಿ. ಆದರ ಕೇಳಿದಾಕಿ ನೀನೊಬ್ಬಾಕಿ ಹುಟ್ಟಿದಿ." ಆಕೆ ಚೀಲದಿಂದ ಹಳೆಯ ಕಾಗದ ತೆಗೆದು ತೋರಿಸಿದಳು. ಅವರ ಮನೆಗೆ 'ಸಿ' ವರ್ಗ. ಹಿಂಗೋಡೆಗೆ ಇಂದಿಗೂ ತಗಡು ಆತುಕೊಂಡಿದೆ.

ಓದುಗ ಬಂಧುಗಳೇ, ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ. ಫಲಾನುಭವಿಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿರಿ. ಈ ಐದು ಬೇಡಿಕೆಗಳನ್ನು ಠರಾವು ಮಾಡಿಸಿ, ಒಂದು ಪ್ರತಿಯನ್ನು ವಿಶ್ವವಿದ್ಯಾಲಯಕ್ಕೆ, ಒಂದನ್ನು ನಿಮ್ಮ ಶಾಸಕರಿಗೆ, ಒಂದನ್ನು ನಮಗೆ ಕಳಿಸಿರಿ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ತಾಲೂಕಿನ ಯಾವ ಊರು ಠರಾವು ಮಾಡಿತೆಂದು ಇದೇ ಪುಟದಲ್ಲಿ ಹೆಸರು ಹಿಡಿದು ಅಚ್ಚು ಮಾಡುತ್ತೇವೆ. ಮಾಡದ ಊರುಗಳ ಹೆಸರನ್ನೂ ಅಚ್ಚು ಮಾಡುತ್ತೇವೆ.